ಭತ್ತದ ಗದ್ದೆಗೆ ಕೀಟನಾಶಕ ಹಾಕುವ ಮುಂಚೆ: ಮಣ್ಣಿನ ಜೀವಿಗಳನ್ನು ಎಣಿಸಿ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ನಾಟಿಯಾಗಿ ಹದಿನೈದು ಇಪ್ಪತ್ತು ದಿನ ಆಗುತ್ತಿದ್ದ ಹಾಗೆ ಯೂರಿಯಾ ಜೊತೆ ಒಂದಿಷ್ಟು ಹರಳು, ಅಂದರೆ ಹರಳಿನ ರೂಪದ ಕೀಟನಾಶಕ, ಬೆರೆಸಿ ಎರಚುವುದು ಎಷ್ಟೋ ಕಡೆ ವಾಡಿಕೆ. ಹುಳ ಬಿದ್ದಿದೆಯಾ ಅಂತ ನೋಡಿ ಹಾಕುವವರು ಕಮ್ಮಿ. ಹೇಗೂ ಗೊಬ್ಬರ ಎರಚುತ್ತಿದ್ದೇವೆ, ಇದೂ ಜೊತೆಗೆ ಹೋಗಲಿ ಅನ್ನುವ ಲೆಕ್ಕ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಇರಲಿ, ಮಂಡ್ಯದ ನಾಲೆ ಬಯಲಿರಲಿ, ಈ ಒಂದು ಅಭ್ಯಾಸ ಬಿಟ್ಟರೆ ಮಣ್ಣಿಗೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ತಪ್ಪುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಕಂಪನಿಯ ಔಷಧಿ ಅನ್ನುವುದಕ್ಕಿಂತ ಅದನ್ನು ಯಾವಾಗ ಹಾಕುತ್ತೀರಿ, ಯಾವ ರೂಪದಲ್ಲಿ ಹಾಕುತ್ತೀರಿ ಅನ್ನುವುದು ಮಣ್ಣಿಗೆ ಮುಖ್ಯ.

ಔಷಧಿಯನ್ನೇ ಮುಟ್ಟಬೇಡಿ ಅಂತ ಇಲ್ಲಿ ಹೇಳುತ್ತಿಲ್ಲ. ಪೈರಿನ ರಸ ಹೀರುವ ಕಂದು ಜಿಗಿಹುಳು ಬಿದ್ದು ಗದ್ದೆ ಸುಟ್ಟ ಹಾಗೆ ಆಗುವುದನ್ನು ಕಂಡವರಿಗೆ ಆ ಮಾತು ಹೇಳಲೂ ಆಗುವುದಿಲ್ಲ. ಹಾಕಬೇಕಾದಾಗ ಹೇಗೆ ಹಾಕಬೇಕು, ಹಾಕಿದ ಮೇಲೆ ಮಣ್ಣಿನಲ್ಲಿ ಏನಾಯಿತು ಅಂತ ನಾವೇ ಹೇಗೆ ನೋಡಿಕೊಳ್ಳಬೇಕು ಅನ್ನುವುದಷ್ಟೇ ವಿಷಯ.

ಹಂತ 1: ಕೆಸರಿನಲ್ಲಿ ಯಾರ್‍ಯಾರು ಇದ್ದಾರೆ ತಿಳಿದುಕೊಳ್ಳಿ

ಎರೆಹುಳು ಎಲ್ಲರಿಗೂ ಗೊತ್ತು. ಆದರೆ ನೀರು ನಿಂತು ಕೆಸರಾದ ಗದ್ದೆಯೊಳಗೆ ಅದು ಹೆಚ್ಚು ದಿನ ಇರುವುದಿಲ್ಲ. ಬದುವಿಗೆ ಹೋಗಿ ಸೇರುತ್ತದೆ. ಕೊಯ್ಲಾಗಿ ನೀರು ಇಳಿದ ಮೇಲೆ ಅಲ್ಲಿಂದಲೇ ಮತ್ತೆ ಒಳಗೆ ಬರುತ್ತದೆ. ಹಾಗಾಗಿ ಬದು ಅಂದರೆ ಎರೆಹುಳುವಿನ ತವರು ಅಂದುಕೊಳ್ಳಿ. ಏಡಿ ಬಿಲಕ್ಕೆ ಅಂತ ಕೆಲವರು ಬದುವಿಗೇ ಹರಳು ತುಂಬುತ್ತಾರಲ್ಲ, ಏಡಿಗಿಂತ ದೊಡ್ಡ ನಷ್ಟ ಅದರಿಂದಲೇ ಆಗುತ್ತದೆ.

ನೀರು ನಿಂತ ಕೆಸರಿನಲ್ಲಿ ಎರೆಹುಳುವಿನ ಕೆಲಸ ಮಾಡುವುದು ಕೆಂಪು ದಾರದ ಹಾಗಿರುವ ಸಣ್ಣ ಹುಳುಗಳು. ಮೀನು ಸಾಕುವವರು ಇವನ್ನು ಟ್ಯೂಬಿಫೆಕ್ಸ್ ಅಂತ ಕೊಂಡು ತರುತ್ತಾರೆ. ತಲೆ ಕೆಸರೊಳಗೆ, ಬಾಲ ಮೇಲೆ. ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಲ್ಲಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ತಿಳಿನೀರಿನ ತಳ ನೋಡಿ. ಬಾಲಗಳು ನೀರಲ್ಲಿ ತೂಗುತ್ತಿರುತ್ತವೆ. ನೀರಿಗೆ ಬೆರಳು ಅದ್ದಿದರೆ ಸಾಕು, ಎಲ್ಲವೂ ಒಟ್ಟಿಗೆ ಒಳಗೆ ಸರಿಯುತ್ತವೆ. ಒಂದೆರಡು ನಿಮಿಷ ಸುಮ್ನೆ ಕೂತರೆ ಮತ್ತೆ ಮೇಲೆ ಬರುತ್ತವೆ. ಇವು ಕೆಳಗಿನ ಮಣ್ಣು ತಿಂದು ಮೇಲೆ ಹಾಕುತ್ತವೆ. ಇದರಿಂದ ಮಣ್ಣಿನಲ್ಲಿ ಸೇರಿಕೊಂಡಿರುವ ಸಾರಜನಕ ಬಿಡುಗಡೆಯಾಗಿ ಬೇರಿಗೆ ಸಿಗುತ್ತದೆ. ಮೇಲೆ ಬಿದ್ದ ಕಳೆ ಬೀಜ ಮಣ್ಣಿನಡಿ ಹೂತುಹೋಗಿ ಕಳೆಯೂ ಕಮ್ಮಿಯಾಗುತ್ತದೆ.

ಮೂರನೆಯವು ನೀಲಿ ಹಸಿರು ಪಾಚಿ. ಗೊಬ್ಬರ ಹಾಕದ ಭತ್ತದ ಗದ್ದೆ ವರ್ಷಗಟ್ಟಲೆ ಹೇಗೆ ಬೆಳೆ ಕೊಡುತ್ತದೆ ಅನ್ನುವ ಪ್ರಶ್ನೆಗೆ ಈ ಪಾಚಿಯೇ ಉತ್ತರ ಅಂತ ಭಾರತದ ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿಕೊಟ್ಟರು. ಗಾಳಿಯ ಸಾರಜನಕ ಹಿಡಿದು ಗದ್ದೆಗೆ ಕೊಡುವುದು ಇದರ ಕೆಲಸ. ಒಳ್ಳೆ ಗದ್ದೆಯಲ್ಲಿ ಒಂದು ಬೆಳೆಗೆ ಹೆಕ್ಟೇರಿಗೆ 20ರಿಂದ 30 ಕಿಲೋ ಸಾರಜನಕ ಅಂತ ಲೆಕ್ಕ ಹಾಕುತ್ತಾರೆ.

ಇನ್ನು ನೀರುನೊಣದ ಮರಿಗಳು. ಕಚ್ಚದ, ಸೊಳ್ಳೆಯ ಹಾಗೆ ಕಾಣುವ ನೊಣಗಳ ಮರಿಗಳಿವು. ಕೊಳೆತ ಹುಲ್ಲು, ಪಾಚಿ ತಿನ್ನುತ್ತವೆ. ಭತ್ತಕ್ಕೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ ಅಂತ ಕಾಣುತ್ತದೆ ಅಲ್ವಾ? ಇಂಡೋನೇಷ್ಯಾದ ಜಾವಾದಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಕಥೆ ಹೇಳಿತು. ನಾಟಿಯಾದ ಮೊದಲ ವಾರಗಳಲ್ಲಿ ಬೆಳೆಗೆ ಹುಳ ಇನ್ನೂ ಬಂದಿರುವುದಿಲ್ಲ. ಆಗ ಜೇಡಗಳಿಗೂ ಬೇರೆ ಪರಭಕ್ಷಕಗಳಿಗೂ ಊಟ ಈ ನೊಣಗಳೇ. ಅವನ್ನು ತಿಂದು ಜೇಡ ಮೊದಲೇ ಸಂಖ್ಯೆ ಹೆಚ್ಚಿಸಿಕೊಂಡಿರುತ್ತದೆ. ಆಮೇಲೆ ಜಿಗಿಹುಳು ಬಂದಾಗ ಜೇಡ ಸಿದ್ಧ. 20ನೇ ದಿನ ಹರಳು ಎರಚಿದಿರೋ, ನೊಣದ ಮರಿ ಸಾಯುತ್ತದೆ, ಜೇಡಕ್ಕೆ ಊಟ ಇಲ್ಲ, 60ನೇ ದಿನ ಜಿಗಿಹುಳುವಿಗೆ ಎದುರಾಳಿ ಇಲ್ಲ. ಮಣ್ಣಿನ ಜೀವಿಗೂ ತೆನೆಗೂ ಇರುವ ನೇರ ನಂಟು ಇದು.

ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ವಿಷಯದಲ್ಲಿ ಹೆದರಿಸುವ ಮಾತುಗಳು ಜಾಸ್ತಿ ಓಡಾಡುತ್ತವೆ. ಶಿಫಾರಸು ಮಾಡಿದ ಪ್ರಮಾಣದಲ್ಲಿ ಹಾಕಿದ ಕೀಟನಾಶಕದಿಂದ ಬ್ಯಾಕ್ಟೀರಿಯಾಗಳಿಗೆ ಆಗುವ ಪೆಟ್ಟು ಸಾಮಾನ್ಯವಾಗಿ ಸಣ್ಣದು, ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಅವು ಬೇಗ ಬೇಗ ಹುಟ್ಟುತ್ತವೆ, ಅದಕ್ಕೆ. ಎರೆಹುಳು ಹಾಗಲ್ಲ. ಮೊಟ್ಟೆಯಿಂದ ದೊಡ್ಡದಾಗಿ ಮತ್ತೆ ಮೊಟ್ಟೆ ಇಡುವಷ್ಟರಲ್ಲಿ ತಿಂಗಳುಗಳೇ ಬೇಕು. ಹಾಗಾಗಿ ಕಾಳಜಿ ಮಾಡಬೇಕಾದ್ದು ನಿಧಾನ ಹುಟ್ಟಿ ನಿಧಾನ ಬೆಳೆಯುವ ಜೀವಿಗಳ ಬಗ್ಗೆ.

ಹಂತ 2: ಔಷಧಿಗೆ ಮುಂಚೆ ಒಂದು ಸಲ ಎಣಿಸಿ

ಇದಕ್ಕೆ ಲ್ಯಾಬ್ ಬೇಡ. ಎರಡೂ ಕಡೆ ಮುಚ್ಚಳ ಕತ್ತರಿಸಿದ, 10 ಸೆಂಟಿಮೀಟರ್ ಅಗಲದ ಒಂದು ಡಬ್ಬ, ಒಂದು ತುಂಡು ಸೊಳ್ಳೆಪರದೆ, ಒಂದು ಬಿಳಿ ತಟ್ಟೆ ಸಾಕು. ಡಬ್ಬವನ್ನು ಭತ್ತದ ಸಾಲುಗಳ ನಡುವೆ ಕೆಸರಿಗೆ ಒಂದು ಗೇಣಿನ ಅರ್ಧದಷ್ಟು ಒತ್ತಿ. ಅಡಿಗೆ ಕೈ ಹಾಕಿ ಮಣ್ಣು ಜಾರದ ಹಾಗೆ ಎತ್ತಿ. ಪರದೆಯಲ್ಲಿ ಹಾಕಿ ಕಾಲುವೆ ನೀರಲ್ಲಿ ಮೆಲ್ಲಗೆ ತೊಳೆಯಿರಿ. ಉಳಿದದ್ದನ್ನು ತಟ್ಟೆಗೆ ಬಿಡಿ. ಕೆಂಪು ಹುಳು, ನೊಣದ ಮರಿ ಬೇರೆ ಬೇರೆ ಎಣಿಸಿ.

ಒಂದು ಕಡೆ ನೋಡಿದರೆ ಸಾಲದು. ನೀರು ಬರುವ ಬಾಯಿ, ನಡುಗದ್ದೆ, ನೀರು ಹೋಗುವ ಬಾಯಿ, ಹೀಗೆ ಕನಿಷ್ಠ ಐದು ಕಡೆ ತೆಗೆದು ಸರಾಸರಿ ಮಾಡಿ. 10 ಸೆಂಟಿಮೀಟರ್ ಡಬ್ಬದ ಸರಾಸರಿಯನ್ನು 127ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ ಸಿಗುತ್ತದೆ. ಇಷ್ಟೇ ಇರಬೇಕು ಅನ್ನುವ ಒಂದು ಸರಿಯಾದ ಸಂಖ್ಯೆ ಇಲ್ಲ. ಕಪ್ಪು ಮಣ್ಣಿನ ಗದ್ದೆಗೂ ಕರಾವಳಿಯ ಬೈಲು ಗದ್ದೆಗೂ ಹೋಲಿಕೆ ಮಾಡಬೇಡಿ. ನಿಮ್ಮದೇ ಗದ್ದೆಯ ಹಿಂದಿನ ಸಂಖ್ಯೆ, ಇಂದಿನ ಸಂಖ್ಯೆ, ಅಷ್ಟೇ ಹೋಲಿಕೆ.

ಇನ್ನೊಂದು ಪರೀಕ್ಷೆ ಸ್ವಲ್ಪ ದಿನ ಹಿಡಿಯುತ್ತದೆ, ಆದರೆ ತುಂಬ ಹೇಳುತ್ತದೆ. ಒಣ ಭತ್ತದ ಹುಲ್ಲು ಕತ್ತರಿಸಿ 20 ಗ್ರಾಂನ ಎಂಟು ಹತ್ತು ಪೊಟ್ಟಣ ಮಾಡಿ. ಅರ್ಧದಷ್ಟನ್ನು ಸೊಳ್ಳೆಪರದೆಯಲ್ಲಿ, ಉಳಿದರ್ಧವನ್ನು ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆಯಲ್ಲಿ ಕಟ್ಟಿ. ಹತ್ತಿ ಬಟ್ಟೆ ಬೇಡ, ಅದೇ ಕೊಳೆತುಹೋಗುತ್ತದೆ. ಐದು ಸೆಂಟಿಮೀಟರ್ ಆಳದಲ್ಲಿ ಹೂತು, ಗುರುತಿಗೆ ಕಡ್ಡಿ ನೆಟ್ಟು, 40 ದಿನ ಬಿಟ್ಟು ತೆಗೆಯಿರಿ. ತೊಳೆದು, ಪೂರ್ತಿ ಒಣಗಿಸಿ ತೂಗಿ. ಒತ್ತು ಬಟ್ಟೆಯೊಳಗೆ ಬ್ಯಾಕ್ಟೀರಿಯಾ ಹೋಗುತ್ತದೆ, ಹುಳು ಹೋಗುವುದಿಲ್ಲ. ಪರದೆಯೊಳಗೆ ಎರಡೂ ಹೋಗುತ್ತವೆ. ಎರಡರ ತೂಕದ ವ್ಯತ್ಯಾಸವೇ ಸಣ್ಣ ಹುಳುಗಳ ದುಡಿಮೆ. ಔಷಧಿ ಹಾಕಿದ ಮಡಿಯಲ್ಲಿ ಈ ವ್ಯತ್ಯಾಸ ಕುಗ್ಗಿತು ಅಂದರೆ ಏನಾಯಿತು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.

ಇದಕ್ಕಾಗಿ ಒಂದು ಸಣ್ಣ ಮಡಿಯನ್ನು ಔಷಧಿ ಇಲ್ಲದೆ ಬಿಡಿ. ಅದಕ್ಕೆ ನೀರು ನೇರವಾಗಿ ಕಾಲುವೆಯಿಂದ ಬರಬೇಕು, ಔಷಧಿ ಹಾಕಿದ ಮಡಿಯ ಮೂಲಕ ಅಲ್ಲ. ಈ ಮಡಿ ಇಲ್ಲದಿದ್ದರೆ ಸಂಖ್ಯೆ ಇಳಿದದ್ದು ಔಷಧಿಯಿಂದಲೋ ಮಳೆಯಿಂದಲೋ ತಿಳಿಯುವುದಿಲ್ಲ.

ಹಂತ 3: ಕೈಯಲ್ಲಿರುವ ಔಷಧಿ ಡಬ್ಬ ಮಣ್ಣಿಗೆ ಏನು ಮಾಡುತ್ತದೆ ನೋಡಿ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಇರುತ್ತದೆ. ಅದು ಹೇಳುವುದು ಮನುಷ್ಯನಿಗೆ ಎಷ್ಟು ವಿಷ ಅನ್ನುವುದನ್ನು. ಎರೆಹುಳುವಿಗೆ, ನೀರಿನ ಜೀವಿಗೆ ಎಷ್ಟು ಅನ್ನುವುದಕ್ಕೂ ಆ ಬಣ್ಣಕ್ಕೂ ಸಂಬಂಧ ಇಲ್ಲ. ಹಸಿರು ಗುರುತಿನ ಕ್ಲೋರ್‌ಆಂಟ್ರಾನಿಲಿಪ್ರೋಲ್ ಎರೆಹುಳುವಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ನಿಜ. ಆದರೆ ನೀರಿನಲ್ಲಿರುವ ಸಣ್ಣ ಚಿಪ್ಪುಜೀವಿಗಳಿಗೆ (ಬಸವನಹುಳು ಅಲ್ಲ, ಸೀಗಡಿಯ ಬಳಗದ ಪುಟ್ಟ ಜೀವಿಗಳು) ತುಂಬ ವಿಷ, ಮಣ್ಣಿನಲ್ಲಿ ಬಹಳ ದಿನ ಉಳಿಯುತ್ತದೆ.

ಕಾರ್ಬೊಫ್ಯುರಾನ್: ಎರೆಹುಳುವಿಗೆ ಅತಿ ಕೆಟ್ಟ ಔಷಧಿಗಳಲ್ಲಿ ಇದೊಂದು. ಶೇ. 3ರ ಹರಳು ಎಕರೆಗೆ 10 ಕಿಲೋ ಹಾಕಿದರೆ 300 ಗ್ರಾಂ ಅಸಲಿ ವಿಷ ಮಣ್ಣಿಗೆ ಬಿತ್ತು ಅಂತ ಲೆಕ್ಕ. ವಿಷ ತಾಕಿದ ಎರೆಹುಳು ಮಣ್ಣೊಳಗೆ ಸಾಯುವುದಿಲ್ಲ, ಮೇಲೆ ಬಂದು ಹೊರಳಾಡುತ್ತದೆ. ಮೈ ಅಲ್ಲಲ್ಲಿ ಊದಿಕೊಳ್ಳುತ್ತದೆ. ಅದನ್ನು ಬೆಳ್ಳಕ್ಕಿ ಹೆಕ್ಕಿ ತಿನ್ನುತ್ತದೆ. ಹರಳನ್ನೇ ಕಾಳು ಅಂದುಕೊಂಡು ತಿಂದು ಸಾಯುವ ಹಕ್ಕಿಗಳೂ ಇವೆ. ಇದರಲ್ಲಿ ಮಣ್ಣಿನ ಗುಣದ ಪಾತ್ರ ದೊಡ್ಡದು. ಕ್ಷಾರ ಮಣ್ಣಿನಲ್ಲಿ ಕಾರ್ಬೊಫ್ಯುರಾನ್ ಬೇಗ ಒಡೆಯುತ್ತದೆ, ಹುಳಿ ಮಣ್ಣಿನಲ್ಲಿ ನಿಧಾನ. ತುಂಗಭದ್ರಾ ಬಯಲಿನ ಕಪ್ಪು ಮಣ್ಣಿಗೆ ಹೋಲಿಸಿದರೆ ಮಲೆನಾಡು, ಕರಾವಳಿಯ ಹುಳಿ ಜಂಬಿಟ್ಟಿಗೆ ಮಣ್ಣಿನವರು ಹೆಚ್ಚು ಎಚ್ಚರ ವಹಿಸಬೇಕು. 2023ರ ಕೇಂದ್ರದ ಆದೇಶದ ಪ್ರಕಾರ ಶೇ. 3ರ ಹೊದಿಕೆ ಹರಳು ಬಿಟ್ಟು ಇದರ ಬೇರೆ ರೂಪಗಳಿಗೆ ಅವಕಾಶ ಇಲ್ಲ.

ಫೋರೇಟ್, ಟ್ರೈಅಜೋಫಾಸ್: ಎರಡೂ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧ. ಹಳೆ ದಾಸ್ತಾನು ಅಂತ ಯಾರಾದರೂ ಕೊಟ್ಟರೂ ತರಬೇಡಿ.

ಫಿಪ್ರೋನಿಲ್: ಶೇ. 0.3ರ ಹರಳು, ಪ್ರಮಾಣ ಕಮ್ಮಿ, ಹಾಗಾಗಿ ಮಣ್ಣಿಗೂ ಹಗುರ ಅಂತ ತಿಳಿದವರಿದ್ದಾರೆ. ಹಾಗಲ್ಲ. ನೀರು ನಿಂತ, ಗಾಳಿಯಾಡದ ಕೆಸರಿನಲ್ಲಿ ಇದು ಬೇರೊಂದು ರೂಪಕ್ಕೆ ತಿರುಗುತ್ತದೆ. ಆ ರೂಪವೂ ವಿಷವೇ, ಬಹಳ ಕಾಲ ಉಳಿಯುತ್ತದೆ. ಜಪಾನಿನಲ್ಲಿ ಭತ್ತದ ಸಸಿ ತಟ್ಟೆಗೆ ಫಿಪ್ರೋನಿಲ್, ಇಮಿಡಾಕ್ಲೋಪ್ರಿಡ್ ಹಾಕುವುದು ಹೆಚ್ಚಾದ ಕಾಲದಲ್ಲಿ ಗದ್ದೆಯಲ್ಲೇ ಹುಟ್ಟುವ ಕೆಂಪು ಏರೋಪ್ಲೇನ್ ಚಿಟ್ಟೆಗಳು ತೀವ್ರವಾಗಿ ಕಮ್ಮಿಯಾದವು. ಅಲ್ಲಿನ ಸಂಶೋಧಕರು ಎರಡಕ್ಕೂ ನಂಟು ಕಂಡಿದ್ದಾರೆ. ಆ ಚಿಟ್ಟೆಯ ಮರಿ ಬೆಳೆಯುವುದು ಗದ್ದೆಯ ಕೆಸರಿನಲ್ಲೇ.

ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್: ನೀರಿನಲ್ಲಿ ಸುಲಭವಾಗಿ ಕರಗಿ ಪಕ್ಕದ ಗದ್ದೆಗೆ, ಕಾಲುವೆಗೆ ಹೋಗುತ್ತವೆ. ಇಮಿಡಾಕ್ಲೋಪ್ರಿಡ್ ಸಾಯಿಸದಷ್ಟು ಸಣ್ಣ ಪ್ರಮಾಣದಲ್ಲಿದ್ದರೂ ಎರೆಹುಳು ತೂಕ ಕಳೆದುಕೊಳ್ಳುತ್ತದೆ, ಬಿಲ ತೋಡುವುದನ್ನು ಕಮ್ಮಿ ಮಾಡುತ್ತದೆ.

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಥರದ ಪೈರೆಥ್ರಾಯ್ಡ್‌ಗಳು ಮಣ್ಣಿಗೆ ಅಂಟಿಕೊಳ್ಳುವುದರಿಂದ ಎರೆಹುಳುವಿಗೆ ಹಾನಿ ಕಮ್ಮಿ. ನೀರಿನ ಜೀವಿಗಳಿಗೆ, ಮೀನಿಗೆ, ಜೇಡಕ್ಕೆ ಮಾತ್ರ ಮಾರಕ. ಇವನ್ನು ಹೊಡೆದ ಮೇಲೆ ಕಂದು ಜಿಗಿಹುಳು ಮೊದಲಿಗಿಂತ ಜಾಸ್ತಿಯಾಗಿ ಮರಳುತ್ತದೆ. ಭತ್ತಕ್ಕೆ ಇವು ಬೇಡವೇ ಬೇಡ.

ಜಿಗಿಹುಳುವಿಗೆ ಔಷಧಿ ಬೇಕೇ ಬೇಕು ಅಂದಾಗ ನಾನು ಮೊದಲು ನೋಡುವುದು ಪೈಮೆಟ್ರೋಜಿನ್ ಅಥವಾ ಬುಪ್ರೊಫೆಜಿನ್. ಪೈಮೆಟ್ರೋಜಿನ್ ಹುಳು ರಸ ಹೀರುವುದನ್ನೇ ನಿಲ್ಲಿಸುತ್ತದೆ. ಬುಪ್ರೊಫೆಜಿನ್ ಮರಿಹುಳು ಪೊರೆ ಬಿಡದ ಹಾಗೆ ಮಾಡುತ್ತದೆ. ಎರಡೂ ಜೇಡಕ್ಕೆ ಹೆಚ್ಚು ಹಾನಿ ಮಾಡುವುದಿಲ್ಲ. ಕೆಲಸ ಕಾಣಲು ಮೂರು ನಾಲ್ಕು ದಿನ ಬೇಕು. ಮಾರನೇ ದಿನ ಹುಳು ಸಾಯಲಿಲ್ಲ ಅಂತ ಗಾಬರಿಯಾಗಿ ಇನ್ನೊಂದು ಔಷಧಿ ಹೊಡೆಯಬೇಡಿ.

ಒಂದೇ ಔಷಧಿಯನ್ನು ಪ್ರತಿ ಬೆಳೆಗೂ ಹಾಕುವವರಿಗೆ ಇನ್ನೊಂದು ಮಾತು. ಡಯಾಜಿನಾನ್ ಪದೇ ಪದೇ ಹಾಕಿದ ಭತ್ತದ ಗದ್ದೆಯಲ್ಲಿ ಆ ಔಷಧಿಯನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಇದೆ ಅಂತ 1973ರಲ್ಲಿ ಸೇತುನಾಥನ್ ಮತ್ತು ಯೋಶಿದಾ ಎಂಬ ವಿಜ್ಞಾನಿಗಳು ವರದಿ ಮಾಡಿದರು. ಕಾರ್ಬೊಫ್ಯುರಾನ್‌ಗೂ ಹೀಗೇ ಆಗುತ್ತದೆ. ಹರಳು ಮೊದಲಿನ ಹಾಗೆ ಕೆಲಸ ಮಾಡುತ್ತಿಲ್ಲ ಅಂತ ಪ್ರಮಾಣ ಏರಿಸುವವರು ನೆನಪಿಡಬೇಕಾದ್ದು ಇದು. ಔಷಧಿ ನಕಲಿ ಆಗಿರಬೇಕಿಲ್ಲ. ಹುಳುವಿಗೆ ತಾಕುವ ಮೊದಲೇ ಬ್ಯಾಕ್ಟೀರಿಯಾ ಅದನ್ನು ಮುಗಿಸುತ್ತಿರಬಹುದು.

ಹಂತ 4: ಹಾಕಬೇಕೋ ಬೇಡವೋ ಲೆಕ್ಕ ಹಾಕಿ ತೀರ್ಮಾನಿಸಿ

ನಾಟಿಯಾದ ಮೊದಲ 30 ದಿನ ಎಲೆ ತಿನ್ನುವ ಹುಳಕ್ಕೆ ಏನೂ ಹೊಡೆಯಬೇಡಿ. ವಿಯೆಟ್ನಾಂನ ಮೆಕಾಂಗ್ ಬಯಲಿನಲ್ಲಿ 1990ರ ದಶಕದಲ್ಲಿ ಇದೇ ಮಾತನ್ನು ಇಟ್ಟುಕೊಂಡು ರೈತರ ನಡುವೆ ದೊಡ್ಡ ಪ್ರಚಾರ ನಡೆಯಿತು. ಸಿಂಪಡಣೆ ಇಳಿಯಿತು, ಇಳುವರಿ ಇಳಿಯಲಿಲ್ಲ. ಎಳೆ ಪೈರು ಕಳೆದುಕೊಂಡ ಎಲೆಯನ್ನು ಹೊಸ ತೆಂಡೆ (ಬುಡದಿಂದ ಒಡೆಯುವ ಕವಲು), ಹೊಸ ಎಲೆ ಬಿಟ್ಟು ತುಂಬಿಕೊಳ್ಳುತ್ತದೆ. ಎಲೆ ಸುರುಳಿಯಾದದ್ದು ನೋಡಿ ಮನಸ್ಸು ತಡೆಯುವುದಿಲ್ಲ, ಗೊತ್ತು. ತಡೆದುಕೊಳ್ಳಿ.

ಗಡಿ ಹೀಗಿಟ್ಟುಕೊಳ್ಳಿ. ಕಾಂಡ ಕೊರಕಕ್ಕೆ ಚದರ ಮೀಟರಿಗೆ ಒಂದು ಮೊಟ್ಟೆ ಗುಂಪು ಅಥವಾ ನೂರಕ್ಕೆ ಐದು ಸುಳಿ ಒಣಗಿದ್ದರೆ ಕ್ರಮ ಕೈಗೊಳ್ಳಬಹುದು. ಕಂದು ಜಿಗಿಹುಳುವಿಗೆ, ಜೇಡ ಇಲ್ಲದಿದ್ದರೆ ತೆಂಡೆಗೆ ಒಂದು ಹುಳು, ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ ಎರಡು. ಜೇಡ ಇದ್ದರೆ ಗಡಿಯೇ ಎರಡು ಪಟ್ಟಾಗುತ್ತದೆ ನೋಡಿ. ಗದ್ದೆಯನ್ನು ಮೂಲೆಯಿಂದ ಮೂಲೆಗೆ ದಾಟುತ್ತ 20 ಬುಡ ಎಣಿಸಿ. ಪೈರನ್ನು ಸ್ವಲ್ಪ ಬಾಗಿಸಿ, ಬುಡಕ್ಕೆ ಎರಡು ಸಲ ತಟ್ಟಿ, ನೀರಿನ ಮೇಲೆ ಬಿದ್ದದ್ದನ್ನು ನೋಡಿ.

ಔಷಧಿ ಇಲ್ಲದೆ ಆಗುವ ಕೆಲಸಗಳನ್ನು ಮೊದಲು ಮುಗಿಸಿ. ನಾಟಿಗೆ ಮುಂಚೆ ಸಸಿಯ ತುದಿ ಕತ್ತರಿಸಿದರೆ ಕೊರಕದ ಮೊಟ್ಟೆಗಳೂ ಹೋಗುತ್ತವೆ. ಎರಡು ಎರಡೂವರೆ ಮೀಟರಿಗೊಂದು ಒಂದಡಿ ಹಾದಿ ಬಿಟ್ಟರೆ ಬುಡಕ್ಕೆ ಗಾಳಿ ಬೆಳಕು ಸಿಗುತ್ತದೆ. ಯೂರಿಯಾ ಒಮ್ಮೆಗೇ ಸುರಿಯಬೇಡಿ, ಕಂತಿನಲ್ಲಿ ಕೊಡಿ. ಜಿಗಿಹುಳು ಏರುತ್ತಿದೆ ಅನ್ನಿಸಿದರೆ ಮೂರು ನಾಲ್ಕು ದಿನ ನೀರು ಬಸಿಯಿರಿ. ಬಿಪಿಟಿ 5204 ಥರದ ತಳಿಗೆ ಜಿಗಿಹುಳು ಬೇಗ ಬೀಳುತ್ತದೆ. ಅದನ್ನೇ ಬೆಳೆಯುವವರು ವಾರಕ್ಕೊಮ್ಮೆಯ ಎಣಿಕೆಯನ್ನು ತಪ್ಪಿಸಬಾರದು.

ಸುಳಿಯನ್ನು ಈರುಳ್ಳಿ ಎಲೆಯ ಹಾಗೆ ಕೊಳವೆ ಮಾಡುವ ಕಣೆ ನೊಣ ಪ್ರತಿ ವರ್ಷ ಕಾಡುವ ಕಡೆ ಏನು ಮಾಡಬೇಕು ಅಂದರೆ, ಸಸಿ ಮಡಿಯಲ್ಲಿ ಅಥವಾ ಔಷಧಿ ನೀರಿನಲ್ಲಿ ಬೇರು ಅದ್ದಿ ಉಪಚಾರ ಮಾಡಿ. ಒಂದು ಎಕರೆಯ ನಾಟಿಗೆ ಸಸಿ ಮಡಿ ಸುಮಾರು 4 ಗುಂಟೆ. 40 ಗುಂಟೆಯ ಮಣ್ಣಿಗೆ ವಿಷ ಹಾಕುವ ಬದಲು 4 ಗುಂಟೆಯಲ್ಲಿ ಮುಗಿಯಿತು.

ಹಂತ 5: ಹಾಕುವುದೇ ಆದರೆ ಹೀಗೆ ಹಾಕಿ

ಹರಳಿಗಿಂತ ಸಿಂಪಡಣೆ ಮೇಲು. ಹರಳು ನೇರ ಕೆಸರಿಗೆ ಬಿದ್ದು ಅಲ್ಲೇ ಕರಗುತ್ತದೆ. ಸಿಂಪಡಣೆಯಲ್ಲಿ ಒಂದು ಪಾಲಾದರೂ ಪೈರಿನ ಮೇಲೆ ನಿಲ್ಲುತ್ತದೆ. ಜಿಗಿಹುಳು ಕೂರುವುದು ಬುಡದಲ್ಲಿ, ಹಾಗಾಗಿ ಪಂಪಿನ ಮೂತಿ ಬುಡದ ಕಡೆಗಿರಲಿ. ಮೇಲಿನಿಂದ ಹೊಡೆದರೆ ಹುಳುವಿಗೆ ತಾಕದೆ ಎರಡನೇ ಸಲ ಹೊಡೆಯಬೇಕಾಗುತ್ತದೆ.

ಜಿಗಿಹುಳು ಸಾಮಾನ್ಯವಾಗಿ ಗದ್ದೆಯಲ್ಲಿ ಅಲ್ಲಲ್ಲಿ ಸುತ್ತುಸುತ್ತಾಗಿ ಶುರುವಾಗುತ್ತದೆ. ಆರಂಭದಲ್ಲೇ ಕಂಡರೆ ಆ ಸುತ್ತು, ಅದರ ಆಚೆ ಎರಡು ಮೂರು ಮೀಟರ್, ಅಷ್ಟಕ್ಕೆ ಮಾತ್ರ ಹೊಡೆಯಿರಿ. ಬದುವಿನಿಂದ ಒಂದು ಮೀಟರ್ ಒಳಗೇ ನಿಲ್ಲಿಸಿ, ಎರೆಹುಳು ಇರುವುದು ಅಲ್ಲಿ. ಎರಡು ಮೂರು ಔಷಧಿ ಒಂದೇ ಟ್ಯಾಂಕಿಗೆ ಬೆರೆಸುವ ಅಭ್ಯಾಸ ಬಿಡಿ. ಮಣ್ಣಿನ ಜೀವಿಗೆ ಬೆರಕೆಯ ಪೆಟ್ಟು ಒಂಟಿ ಔಷಧಿಗಿಂತ ಜೋರಾಗಿರಬಹುದು. ಡಬ್ಬದ ಮೇಲಿನ ಪ್ರಮಾಣ ಮೀರಬೇಡಿ.

ಹರಳೇ ಹಾಕಬೇಕಾಗಿ ಬಂದರೆ ನೀರು ಮೂರರಿಂದ ಐದು ಸೆಂಟಿಮೀಟರ್ ನಿಲ್ಲಿಸಿ ಹಾಕಿ. ಆಮೇಲೆ ಒಂದು ವಾರ ಹೊರಬಾಯಿ ಮುಚ್ಚಿಡಿ. ಬಿಟ್ಟರೆ ವಿಷದ ನೀರು ಕೆಳಗಿನವರ ಗದ್ದೆಗೆ, ಹಳ್ಳಕ್ಕೆ ಹೋಗುತ್ತದೆ. ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಹಾಕಲೇಬೇಡಿ. ಮುಂಗಾರಿನ ಕರಾವಳಿಯಲ್ಲಿ ಬೆಟ್ಟು, ಮಜಲು, ಬೈಲು ಅನ್ನುವ ಮೂರು ಮಟ್ಟದ ಗದ್ದೆಗಳು ಒಂದರ ಕೆಳಗೊಂದು ಇರುವಾಗ ಮೇಲಿನವರು ಹಾಕಿದ್ದು ಕೆಳಗಿನವರಿಗೆ ಬರುವುದನ್ನು ತಡೆಯಲು ಆಗುವುದೇ ಇಲ್ಲ. ಅಲ್ಲಿ ಹರಳು ಬೇಡ. ಪಂಪು, ಬಕೆಟ್ ತೊಳೆದ ನೀರನ್ನೂ ಕಾಲುವೆಗೆ ಚೆಲ್ಲಬೇಡಿ.

ಹಂತ 6: ಮತ್ತೆ ಎಣಿಸಿ, ಮಣ್ಣಿಗೆ ಊಟ ಕೊಡಿ

ಔಷಧಿ ಹಾಕಿದ 7ನೇ ದಿನ ಮತ್ತು 30ನೇ ದಿನ ಅದೇ ಡಬ್ಬದಲ್ಲಿ, ಅದೇ ಜಾಗಗಳಲ್ಲಿ ಎಣಿಸಿ. 7ನೇ ದಿನ ಇಳಿದು 30ನೇ ದಿನ ಮೇಲೆದ್ದರೆ ಗದ್ದೆ ತಡೆದುಕೊಂಡಿದೆ. 30ನೇ ದಿನವೂ ಔಷಧಿ ಹಾಕದ ಮಡಿಯ ಅರ್ಧದಷ್ಟೂ ಇಲ್ಲದಿದ್ದರೆ ಆ ಔಷಧಿಯನ್ನು ಮುಂದಿನ ಬೆಳೆಗೆ ತರಬೇಡಿ.

ಕೆಲವೊಮ್ಮೆ ಔಷಧಿ ಹಾಕಿದ ವಾರದಲ್ಲಿ ಪಾಚಿ ಒಮ್ಮೆಲೇ ಹೆಚ್ಚುತ್ತದೆ. ಔಷಧಿ ಗದ್ದೆಗೆ ಒಳ್ಳೆಯದು ಮಾಡಿತು ಅಂತ ತಿಳಿಯಬೇಡಿ. ಪಾಚಿ ಮೇಯುವ ಸಣ್ಣ ಚಿಪ್ಪುಜೀವಿಗಳು ಸತ್ತಿವೆ ಅಂತ ಅರ್ಥ. ಆಮೇಲೆ ಅವು ತಿರುಗಿ ಬರುತ್ತವೆ. ಅವನ್ನು ತಿನ್ನುವ ಜೀವಿಗಳು ಇನ್ನೂ ಬಂದಿರುವುದಿಲ್ಲ. ಆಗ ಚಿಪ್ಪುಜೀವಿಗಳು ಮೊದಲಿಗಿಂತ ಹೆಚ್ಚಾಗಿ ಪಾಚಿಯನ್ನೆಲ್ಲ ಮೇಯ್ದು ಮುಗಿಸುತ್ತವೆ.

ಚೇತರಿಕೆಗೆ ಬೇಕಾದ್ದು ಸಾವಯವ ಪದಾರ್ಥ. ಹುಲ್ಲು ಸುಡಬೇಡಿ. ನಾಟಿಗೆ ಮುಂಚೆ ಡಯಾಂಚ, ಅಪ್ಸೆಣಬು ಅಥವಾ ಗ್ಲಿರಿಸೀಡಿಯ ಸೊಪ್ಪು ತುಳಿದು ಸೇರಿಸಿ. ಜಾವಾದ ಆ ಅಧ್ಯಯನದಲ್ಲೂ ಸಾವಯವ ಪದಾರ್ಥ ಹೆಚ್ಚಿಸಿದ ಗದ್ದೆಗಳಲ್ಲಿ ಮೊದಲು ಕೊಳೆ ತಿನ್ನುವ ಹುಳುಗಳು, ಅವುಗಳ ಹಿಂದೆಯೇ ಪರಭಕ್ಷಕಗಳು ಹೆಚ್ಚಿದ್ದವು.

ಕೊಯ್ಲಾಗಿ ಮಣ್ಣು ಹಸಿಯಾಗಿರುವಾಗಲೇ ಎರೆಹುಳುವಿನ ಎಣಿಕೆ ಮಾಡಿ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ, ಮಣ್ಣನ್ನು ಗೋಣಿಚೀಲದ ಮೇಲೆ ಹರಡಿ ಕೈಯಿಂದ ಪುಡಿ ಮಾಡುತ್ತ ಎಣಿಸಿ. ಆಳಕ್ಕೆ ಇಳಿದ ಹುಳುಗಳಿಗೆ ಸಾಸಿವೆ ಪುಡಿ ಕಲಸಿದ ನೀರನ್ನು ಗುಂಡಿಗೆ ಸುರಿಯಿರಿ, ಹತ್ತು ಹದಿನೈದು ನಿಮಿಷದಲ್ಲಿ ಮೇಲೆ ಬರುತ್ತವೆ. ಅವನ್ನು ಒಳ್ಳೆ ನೀರಲ್ಲಿ ತೊಳೆದು ವಾಪಸ್ ಬಿಡಿ. ಬದುವಿನ ಹತ್ತಿರ ಮೂರು ಗುಂಡಿ, ನಡುಗದ್ದೆಯಲ್ಲಿ ಮೂರು. ಬದುವಿನ ಹತ್ತಿರ ಹುಳು ಇದ್ದು ನಡುವೆ ಇಲ್ಲದಿದ್ದರೆ ಹುಳು ಮರಳುವ ದಾರಿಯಲ್ಲಿದೆ, ಮುಂದಿನ ಬೆಳೆಗೆ ಹರಳು ಬಿಟ್ಟರೆ ಒಳಗೂ ಬರುತ್ತದೆ. ಬದುವಿನಲ್ಲೂ ಇಲ್ಲದಿದ್ದರೆ ಬೇಸಿಗೆಯಲ್ಲಿ ಬದುವಿಗೆ ಹುಲ್ಲು ಹೊದಿಸಿ ತೇವ ಉಳಿಸಿ, ಸೆಗಣಿ ಗೊಬ್ಬರ ಹಾಕಿ, ಕಡೇಪಕ್ಷ ಎರಡು ಬೆಳೆ ಬದುವಿನ ಅಕ್ಕಪಕ್ಕ ಯಾವ ಕೀಟನಾಶಕವನ್ನೂ ಬಳಸಬೇಡಿ.